ಬೋಟ್ ಇಂಜಿನ್ ಪೂರ್ತಿ ಕೆಲಸ ಆದ ಮೇಲೆ ಟಿಕ್ ಟಿಕ್ ಸದ್ದು: ಎಲ್ಲಿ ಹುಡುಕಬೇಕು?

ಬೈತಖೋಲ_ಟ್ರಾಲರ್

ಆರು ಸಿಲಿಂಡರ್, ಹಳೇ ಕಾಲದ ಇನ್‌ಲೈನ್ ಪಂಪ್, ಟರ್ಬೊ ಇಲ್ಲ. ಜೂನ್ 1ಕ್ಕೆ ಮೀನುಗಾರಿಕೆ ಬಂದ್ ಆದ ಮೇಲೆ ಇಂಜಿನ್ ಬಿಚ್ಚಿಸಿ ಪೂರ್ತಿ ಕೆಲಸ ಮಾಡಿಸಿದ್ದೇವೆ. ಹೊಸ ಲೈನರ್-ಪಿಸ್ಟನ್ ಸೆಟ್, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ 0.25 ಅಂಡರ್‌ಸೈಜ್ ಬೇರಿಂಗ್, ಹೆಡ್ ಫೇಸಿಂಗ್, ವಾಲ್ವ್ ಗ್ರೈಂಡಿಂಗ್. ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ಹಳೆಯವೇ, ಬುಷ್ ಮಾತ್ರ ಹೊಸದು. ಡೀಸೆಲ್ ಸಿಂಪಡಿಸುವ ನೋಝಲ್ ಆರೂ ಟೆಸ್ಟ್ ಮಾಡಿಸಿ ಹಾಕಿದ್ದು.

ಈಗ ಐಡಲ್‌ನಲ್ಲಿ, ಅಂದರೆ ಲೋಡ್ ಇಲ್ಲದೆ ನಿಮಿಷಕ್ಕೆ 600 ಸುತ್ತಿನಲ್ಲಿ, ಒಂದೇ ಲಯದಲ್ಲಿ ಟಿಕ್ ಟಿಕ್ ಬರುತ್ತದೆ. ತಣ್ಣಗಿದ್ದಾಗಲೂ ಇದೆ, ಬಿಸಿಯಾದ ಮೇಲೂ ಇದೆ. 1200 ದಾಟಿದರೆ ಉಳಿದ ಗದ್ದಲದಲ್ಲಿ ಕೇಳಿಸುವುದಿಲ್ಲ. ಆಯಿಲ್ ಪ್ರೆಶರ್ ಸರಿ ಇದೆ, ಹೊಗೆ ಇಲ್ಲ. ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಸಂದು, ಪುಸ್ತಕದಲ್ಲಿದ್ದಂತೆ 0.30 ಮಿ.ಮೀ.ಗೆ ಇಟ್ಟಿದ್ದೇವೆ. ಓಡಿದರೆ ಸರಿಯಾಗುತ್ತದೆ ಅನ್ನುತ್ತಾರೆ ಮೆಕ್ಯಾನಿಕ್. ಆಗಸ್ಟ್ 1ಕ್ಕೆ ಬೋಟ್ ಹೊರಡಬೇಕು. ಹೆಡ್ ಮತ್ತೆ ಬಿಚ್ಚದೆ ಪತ್ತೆ ಹಚ್ಚುವ ದಾರಿ ಇದೆಯೇ?

ಹೊನ್ನಾವರ_ಡೀಸೆಲ್

ಓಡಿದರೆ ಸರಿಯಾಗುವ ಸದ್ದಲ್ಲ ಮಾರಾಯ್ರೆ ಇದು. ರಿಂಗ್ ಕೂರುವುದಕ್ಕೆ ಓಟ ಬೇಕು ನಿಜ, ಆದರೆ ಲೋಹಕ್ಕೆ ಲೋಹ ಬಡಿಯುವ ಸದ್ದು ಓಡಿದಷ್ಟೂ ಹೆಚ್ಚೇ ಆಗುವುದು. ಬಿಚ್ಚುವ ಮುಂಚೆ ಎರಡು ಪರೀಕ್ಷೆ ಮಾಡಿ.

ಮೊದಲು ಸದ್ದು ಎಣಿಸಿ. 600 ಆರ್‌ಪಿಎಂ ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 10 ಸುತ್ತು, ವಾಲ್ವ್ ತೆರೆಸುವ ಕ್ಯಾಮ್ 5 ಸುತ್ತು. ಕಿವಿಗೆ ಲೆಕ್ಕ ಸಿಗುವುದಿಲ್ಲ, ಮೊಬೈಲ್‌ನಲ್ಲಿ 10 ಸೆಕೆಂಡ್ ರೆಕಾರ್ಡ್ ಮಾಡಿ ನಿಧಾನಕ್ಕೆ ಹಾಕಿ ಕೇಳಿ. ಸುಮಾರು 100 ಬಂದರೆ ಫ್ಲೈವೀಲ್ ಬೋಲ್ಟ್, ಗೇರ್‌ಬಾಕ್ಸ್ ಕಪ್ಲಿಂಗ್, ಕ್ರ್ಯಾಂಕ್ ಪುಲ್ಲಿ ಕಡೆ ನೋಡಿ. ಸುಮಾರು 50 ಬಂದರೆ ಒಂದೇ ಸಿಲಿಂಡರಿನ ವಾಲ್ವ್, ನೋಝಲ್, ಇಲ್ಲವೇ ಆ ಸಿಲಿಂಡರಿನ ಪಿಸ್ಟನ್ ಪಿನ್ ಅಥವಾ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಬೇರಿಂಗ್).

ಇದರಲ್ಲಿ ಮೇಲಿನದ್ದೋ ಕೆಳಗಿನದ್ದೋ ತಿಳಿಯಲು ಎರಡನೇ ಪರೀಕ್ಷೆ. ಐಡಲ್‌ನಲ್ಲಿ ಓಡುವಾಗ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರ್ ಸತ್ತು ಆರ್‌ಪಿಎಂ ಇಳಿಯುತ್ತದೆ. ಸದ್ದೂ ಜೊತೆಗೇ ನಿಂತರೆ ಅಥವಾ ಮೆತ್ತಗಾದರೆ ಆ ಸಿಲಿಂಡರಿನ ನೋಝಲ್, ಪಿನ್, ಬಿಗ್ ಎಂಡ್ ಮೇಲೆ ಅನುಮಾನ. ಪಕ್ಕದ ಸಿಲಿಂಡರಿನ ಇಂಜೆಕ್ಟರ್ ಜೊತೆ ಅದಲುಬದಲು ಮಾಡಿ: ಸದ್ದೂ ಅದರ ಹಿಂದೆ ಹೋದರೆ ನೋಝಲ್, ಅಲ್ಲೇ ಉಳಿದರೆ ಸಂಪ್ (ತಳದ ಆಯಿಲ್ ತೊಟ್ಟಿ) ಇಳಿಸಲೇಬೇಕು. ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಕೂರದೆ ಬಿಟ್ಟಿದ್ದರೆ ಹೊಸ ಲೈನರನ್ನು ಗೀರಿ ಹಾಕುತ್ತದೆ, ಹಾಗಾಗಿ ಅಂಥದ್ದರಲ್ಲಿ ಒಂದು ಟ್ರಿಪ್ ಕೂಡ ಹೋಗಬೇಡಿ. ಆರರಲ್ಲಿ ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ವಾಲ್ವ್ ಕಡೆಯದ್ದು. ಡೀಸೆಲ್ ಉರಿಯಲಿ ಬಿಡಲಿ, ವಾಲ್ವ್ ತೆರೆದು ಮುಚ್ಚುವುದು ನಿಲ್ಲುವುದಿಲ್ಲವಲ್ಲ.

ನಟ್ ಮೇಲೆ ಬಟ್ಟೆ ಮುಚ್ಚಿ, ಚಿಮ್ಮುವ ಡೀಸೆಲ್‌ಗೆ ಕೈ ಒಡ್ಡಬೇಡಿ, ಚರ್ಮದೊಳಗೆ ಹೊಕ್ಕುತ್ತದೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ) ಇಂಜಿನ್ ಇರುವವರು ಇದನ್ನು ಓದಿ ಮಾಡಲೇಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಇನ್ನೊಂದು ಮಾತು, ಬೋಟ್ ದಡಕ್ಕೆ ಎಳೆದಿಟ್ಟಿದ್ದರೆ ಉಪ್ಪುನೀರಿನ ಪಂಪಿಗೆ ಡ್ರಮ್ಮಿನಿಂದ ನೀರು ಕೊಟ್ಟೇ ಓಡಿಸಿ. ಒಣಗಿ ಓಡಿದರೆ ರಬ್ಬರ್ ಇಂಪೆಲ್ಲರ್ ನಿಮಿಷಗಳಲ್ಲಿ ಸುಡುತ್ತದೆ.

ಶಿರಸಿ_ಗ್ಯಾರೇಜ್

ನೋಝಲ್ ಕೆಳಗಿನ ತಾಮ್ರದ ವಾಷರ್ ಮರೆಯಬೇಡಿ. ಕೆಲಸ ಆದ ಇಂಜಿನ್‌ಗಳಲ್ಲಿ ಹಳೇ ವಾಷರ್ ಮತ್ತೆ ಹಾಕಿದ್ದರೆ, ಸೀಟಿನ ಮಸಿ ಕೆರೆಯದೆ ಕೂರಿಸಿದ್ದರೆ ಅಲ್ಲಿಂದ ಕಂಪ್ರೆಶನ್ ಚಟ್ ಚಟ್ ಎಂದು ಹೊರಬರುತ್ತದೆ. ಟ್ಯಾಪೆಟ್ ಸದ್ದಿನ ಹಾಗೇ ಕೇಳುತ್ತದೆ. ಸೋಪುನೀರು ಹಾಕಿ, ಗುಳ್ಳೆ ಬಂದರೆ ಅದೇ. ಒಂದರ ಮೇಲೊಂದು ಎರಡು ವಾಷರ್ ಹಾಕುವುದು ಪರಿಹಾರವಲ್ಲ. ನೋಝಲ್ ತುದಿ ಮೇಲೆ ಹೋಗಿ ಸ್ಪ್ರೇ ಜಾಗ ತಪ್ಪುತ್ತದೆ, ಹೊಗೆ ಶುರುವಾಗುತ್ತದೆ.

ಬೈತಖೋಲ_ಟ್ರಾಲರ್

ಎಲ್ಲ ಮಾಡಿ ನೋಡಿದೆವು. 10 ಸೆಕೆಂಡಿಗೆ 50ರ ಆಸುಪಾಸು. ಯಾವ ಪೈಪ್ ಸಡಿಲಿಸಿದರೂ ಟಿಕ್ ಹಾಗೇ ಇದೆ. ಸೋಪುನೀರಿಗೆ ಗುಳ್ಳೆ ಇಲ್ಲ. ಉದ್ದದ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿದರೆ 3ನೇ ಸಿಲಿಂಡರಿನ ರಾಕರ್ ಕವರ್ ಹತ್ತಿರ ಜೋರು. ಆದರೆ ಅಲ್ಲಿ ಎರಡೂ ವಾಲ್ವಿಗೆ ಫೀಲರ್ (ಸಂದು ಅಳೆಯುವ ಪಟ್ಟಿ) 0.30 ಸರಿಯಾಗೇ ಹಿಡಿಯುತ್ತದೆ.

ಹೊನ್ನಾವರ_ಡೀಸೆಲ್

ಹಾಗಾದರೆ ಫೀಲರ್ ನಿಮಗೆ ಸುಳ್ಳು ಹೇಳುತ್ತಿದೆ. ಹಳೇ ರಾಕರಿನ ಮೂತಿಯಲ್ಲಿ ವಾಲ್ವ್ ಕಾಂಡದ ಅಗಲಕ್ಕೇ ಗುಳಿ ಬಿದ್ದಿರುತ್ತದೆ. ಫೀಲರ್ ಪಟ್ಟಿ ಚಪ್ಪಟೆ, ಗುಳಿಯೊಳಗೆ ಇಳಿಯುವುದಿಲ್ಲ, ಗುಳಿಯ ಅಂಚುಗಳ ಮೇಲೇ ಕೂರುತ್ತದೆ. ಗುಳಿ 0.15 ಇದ್ದರೆ ನೀವು 0.30 ಅಂದುಕೊಂಡದ್ದು ನಿಜದಲ್ಲಿ 0.45.

ಕವರ್ ತೆಗೆದು ಐಡಲ್‌ನಲ್ಲಿ ಓಡಿಸಿ. 3ನೇ ಸಿಲಿಂಡರಿನ ಒಂದೊಂದು ವಾಲ್ವಿಗೂ ರಾಕರ್ ಮತ್ತು ಕಾಂಡದ ನಡುವೆ 0.10, ಆಮೇಲೆ 0.15ರ ಸಪೂರ ಪಟ್ಟಿ ತೂರಿಸಿ. ಯಾವುದರಲ್ಲಿ ಸದ್ದು ಸತ್ತಿತೋ ಅದೇ ಕಳ್ಳ. ಅಂಗಿ ತೋಳು, ಲುಂಗಿ ತುದಿ ಬೆಲ್ಟ್ ಹತ್ತಿರ ಬಾರದಂತೆ ನೋಡಿಕೊಳ್ಳಿ. ಅದೇ ಹೊತ್ತಿಗೆ ಹನ್ನೆರಡೂ ರಾಕರಿನಲ್ಲಿ ಆಯಿಲ್ ಒಸರುತ್ತಿದೆಯೇ ನೋಡಿ. ಹೊಸ ಬುಷ್ ಒತ್ತುವಾಗ ಅದರ ತೂತು ರಾಕರಿನ ಆಯಿಲ್ ತೂತಿಗೆ ಸರಿಯಾಗಿ ಕೂರದಿದ್ದರೆ ಆ ರಾಕರ್ ಒಣಗಿಯೇ ಓಡುತ್ತದೆ. ಗೇಜಿನಲ್ಲಿ ಪ್ರೆಶರ್ ಸರಿ ಕಂಡರೂ ಅಲ್ಲಿಗೆ ಹನಿ ತಲುಪುವುದಿಲ್ಲ.

ನಿಲ್ಲಿಸಿದ ಮೇಲೆ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಗಡಿಯಾರ) ಇಟ್ಟು ಖಚಿತಪಡಿಸಿ. ಇಂಜಿನ್ 1-5-3-6-2-4 ಫೈರಿಂಗ್‌ನದ್ದಾದರೆ, ಅಂದರೆ ಸಿಲಿಂಡರ್‌ಗಳು ಆ ಸರದಿಯಲ್ಲಿ ಉರಿಯುವುದಾದರೆ, 3ಕ್ಕೆ ಜೋಡಿ 4. 4ನೇ ಸಿಲಿಂಡರಿನ ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುವ ಜಾಗಕ್ಕೆ ಕ್ರ್ಯಾಂಕ್ ತಂದರೆ 3ರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಗೇಜಿನ ತುದಿ ರಾಕರಿನ ವಾಲ್ವ್ ಬದಿಯ ಬೆನ್ನ ಮೇಲಿರಲಿ, ರಾಕರನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ಮುಳ್ಳು ಎಷ್ಟು ಓಡಿತೋ ಅದೇ ನಿಜವಾದ ಕ್ಲಿಯರೆನ್ಸ್.

ಗೇಜ್ ನೋಡಿಕೊಂಡು ಟ್ಯಾಪೆಟ್ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಆದರೆ ಅಷ್ಟಕ್ಕೇ ಬಿಡಬೇಡಿ. ಗುಳಿಯ ಅಂಚು ಕಾಂಡವನ್ನು ಪಕ್ಕಕ್ಕೆ ತಳ್ಳಿ ಗೈಡ್ ಸವೆಸುತ್ತದೆ, ಆಮೇಲೆ ಆಯಿಲ್ ಸುಡಲು ಶುರು. ಗುಳಿ ತೆಳುವಾಗಿದ್ದರೆ ವಾಲ್ವ್ ಗ್ರೈಂಡಿಂಗ್ ಮಷಿನ್‌ನಲ್ಲಿ ರಾಕರ್ ಅಟ್ಯಾಚ್‌ಮೆಂಟ್ ಹಾಕಿ ಅದೇ ದುಂಡಗೆ ಉಳಿಸಿ ತೆಗೆಸಬಹುದು. ಗಟ್ಟಿ ಪದರ ತೆಳು, ಅದು ಹೋದರೆ ಮತ್ತೆ ಬೇಗ ಗುಳಿ ಬೀಳುತ್ತದೆ. ಆಳ ಇದ್ದರೆ ಹೊಸ ರಾಕರೇ ಹಾಕಿ. ಹ್ಯಾಂಡ್ ಗ್ರೈಂಡರ್ ಹತ್ತಿರಕ್ಕೂ ತರಬೇಡಿ. ರಾಕರ್ ಬಿಚ್ಚಿದಾಗ ಪುಶ್‌ರಾಡ್ (ಕೆಳಗಿನಿಂದ ರಾಕರನ್ನು ತಳ್ಳುವ ಕಡ್ಡಿ) ಕನ್ನಡಿ ಮೇಲೆ ಉರುಳಿಸಿ ನೇರ ಇದೆಯೇ ನೋಡಿ, ಕಾಂಡದ ತುದಿಯನ್ನೂ ಗಮನಿಸಿ.

ಅಂಕೋಲಾ_ಮರೈನ್

ಒಂದು ಸೇರಿಸುತ್ತೇನೆ. ಹೆಡ್ ಫೇಸಿಂಗ್ ಆಗಿದೆ ಅಂದಿರಿ, ತಳ ಕೆತ್ತಿದಷ್ಟು ವಾಲ್ವ್ ಪಿಸ್ಟನ್‌ಗೆ ಹತ್ತಿರ ಬರುತ್ತದೆ. ಪಟ್ಟಿ ತೂರಿಸಿದರೂ ಸದ್ದು ಸಾಯದಿದ್ದರೆ ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು, ಅದೂ ಸೆಕೆಂಡಿಗೆ 5ರಂತೆಯೇ ಬರುತ್ತದೆ. ಈ ಸಲ 3ನೇ ಸಿಲಿಂಡರಿನದ್ದೇ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುವ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರುವ ಜಾಗಕ್ಕೆ) ತನ್ನಿ. ಡಯಲ್ ಗೇಜ್ ಸ್ಪ್ರಿಂಗ್ ರಿಟೇನರ್ ಮೇಲಿಟ್ಟು ಟ್ಯಾಪೆಟ್ ಸ್ಕ್ರೂ ನಿಧಾನ ಬಿಗಿಮಾಡುತ್ತ ವಾಲ್ವನ್ನು ಪಿಸ್ಟನ್‌ಗೆ ಮುಟ್ಟಿಸಿ. ತಾಗಿದ ತಕ್ಷಣ ನಿಲ್ಲಿಸಿ, ಒತ್ತಿದರೆ ಪುಶ್‌ರಾಡ್ ಬಾಗುತ್ತದೆ. ಅಲ್ಲಿಯವರೆಗೆ ವಾಲ್ವ್ ಎಷ್ಟು ಇಳಿಯಿತು ಎಂಬುದನ್ನು ಪುಸ್ತಕದ ಅಳತೆಗೆ ಹೋಲಿಸಿ. ಕಡಿಮೆ ಇದ್ದರೆ ಹೆಡ್ ಇಳಿಸಿ ವಾಲ್ವ್ ಒಳಗೆ ಕೂರುವಂತೆ ಅದರ ಸೀಟ್ ಕಟ್ ಮಾಡಿಸಬೇಕು, ಅಥವಾ ಆ ಇಂಜಿನ್‌ಗೆ ಸಿಗುವುದಾದರೆ ದಪ್ಪ ಗ್ಯಾಸ್ಕೆಟ್.

ಹೆಡ್ ಬೋಲ್ಟ್ ಮರು ಟಾರ್ಕ್ ಆಗಿದೆಯೇ? ಆಗದಿದ್ದರೆ ಈ ಟ್ಯಾಪೆಟ್ ಕೆಲಸಕ್ಕೆ ಮುಂಚೆ ಅದನ್ನು ಮುಗಿಸಿ. ಗ್ಯಾಸ್ಕೆಟ್ ಕುಗ್ಗಿ ಹೆಡ್ ಕೆಳಗಿಳಿದರೆ ಹನ್ನೆರಡೂ ಟ್ಯಾಪೆಟ್ ಕ್ಲಿಯರೆನ್ಸ್ ಕಡಿಮೆಯಾಗುತ್ತದೆ, ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಮೊದಲ ಆಯಿಲ್ ಬದಲಿಸುವಾಗ ಹಳೇ ಫಿಲ್ಟರ್ ಕೊಯ್ದು ಕಾಗದ ಬಿಡಿಸಿ ನೋಡಿ: ಅಯಸ್ಕಾಂತಕ್ಕೆ ಹಿಡಿಯುವ ಪುಡಿ ಹೆಚ್ಚಿದ್ದರೆ ಕ್ಯಾಮ್ ಮತ್ತು ಅದರ ಮೇಲೆ ಕೂರುವ ಟ್ಯಾಪೆಟ್‌ಗಳ ತಳ ನೋಡಿಸಿ.