ಕಾರ್ಟೂನ್ ಕರಡಿಮರಿಗೆ ಮೃದುವಾದ ತುಪ್ಪಳ ಬಿಡಿಸುವುದು ಹೇಗೆ?

ಪ್ರಶ್ನೆ:
ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಕರಡಿಮರಿಯೊಂದನ್ನು ಬಿಡಿಸುತ್ತಿದ್ದೇನೆ. ಮೈಕಟ್ಟು, ಮುಖ ಚೆನ್ನಾಗಿಯೇ ಬಂದಿವೆ. ಆದರೆ ತುಪ್ಪಳಕ್ಕೆಂದು ನೂರಾರು ಕಪ್ಪು ಗೆರೆಗಳನ್ನು ಒಂದೊಂದಾಗಿ ಎಳೆದ ಮೇಲೆ ಅದು ಮುಳ್ಳುಹಂದಿಯಂತೆ ಕಾಣುತ್ತಿದೆ. ಮೃದುತನ ತರುವುದು ಹೇಗೆ?

ಉತ್ತರ 1:
ಕೂದಲನ್ನು ಎಣಿಸಿ ಬರೆಯಲು ಹೋಗಬೇಡಿ. ಹೊರಗೆರೆಯ ನೋಡ್‌ಗಳನ್ನೆಲ್ಲ (ಗೆರೆಯ ಆಕಾರವನ್ನು ಹಿಡಿದಿಡುವ ಬಿಂದುಗಳನ್ನು) ಆಯ್ದು ಇನ್ಸರ್ಟ್ ಕೀಲಿ ಒತ್ತಿದರೆ ಪ್ರತಿ ಎರಡರ ನಡುವೆ ಹೊಸದೊಂದು ನೋಡ್ ಸೇರುತ್ತದೆ. ಅವುಗಳಲ್ಲಿ ಕೆನ್ನೆ, ಮೊಣಕೈ, ಎದೆಯ ಬಳಿ ಇರುವವನ್ನು ಮಾತ್ರ ಹೊರಕ್ಕೆಳೆದು ಚೂಪುಗೊಳಿಸಿ, 3-4 ಮೊನೆಗಳ ಗೊಂಚಲು ಮಾಡಿದರೆ, ನಡುವೆ ಉಳಿದ ನುಣುಪು ಗೆರೆಯನ್ನೂ ಕಣ್ಣು ತುಪ್ಪಳವೆಂದೇ ಓದಿಕೊಳ್ಳುತ್ತದೆ. ಮೊನೆಗಳ ಅಳತೆ ಒಂದೇ ಆಗದಿರಲಿ. ಒಂದೇ ಆಗಿಬಿಟ್ಟರೆ ಗರಗಸದ ಹಲ್ಲಿನಂತಾಗುತ್ತದೆ, ನಾನೂ ಆ ತಪ್ಪು ಮಾಡಿದವನೇ.

ಉತ್ತರ 2:
ಮೇಲಿನ ಮಾತು ಸರಿ. ಒಳಗಿನ ಗೆರೆಗಳಿಗೆ ಕಪ್ಪನ್ನು ಬಿಟ್ಟು, ಮೈಬಣ್ಣಕ್ಕಿಂತ ತುಸು ಗಾಢವಾದ ಕಂದು ಬಣ್ಣವನ್ನು ಬಳಸಿ. ರೋಮದ ದಿಕ್ಕು ಮೂಗಿನಿಂದ ಹಿಂದಕ್ಕೆ, ಬೆನ್ನಿನಿಂದ ಕೆಳಕ್ಕೆ ಹರಿಯಬೇಕು. ಕುಂಚದ ನಯವೇ ಬೇಕೆಂದರೆ ಕ್ರಿತಾ ಎಂಬ ಇನ್ನೊಂದು ಚಿತ್ರ ತಂತ್ರಾಂಶದ ಬಿರುಗೂದಲು ಕುಂಚಗಳು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು:
ಹೊಟ್ಟೆಯ ಮೇಲಿನ ಗೆರೆಗಳನ್ನೆಲ್ಲ ಅಳಿಸಿ, ಎರಡು ಕೆನ್ನೆಗಳಿಗೆ ಮಾತ್ರ ಗೊಂಚಲು ಕೊಟ್ಟೆ. ಈಗ ಮುಳ್ಳುಹಂದಿ ಹೋಗಿ ಕರಡಿಮರಿ ಬಂದಿದೆ, ಕಿವಿಗಳು ಬಾಕಿ.