ಊರು ಬೆಳೆಯುತ್ತಿದೆಯೋ ಕರಗುತ್ತಿದೆಯೋ? ಭದ್ರಾವತಿ ಲೆಕ್ಕ ಹಿಡಿದು ಒಂದು ಪ್ರಶ್ನೋತ್ತರ

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಕಾರ್ಖಾನೆ ಊರು ಭದ್ರಾವತಿಯ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 1.60 ಲಕ್ಷ, 2011ರಲ್ಲಿ ಸುಮಾರು 1.51 ಲಕ್ಷ. ಆಮೇಲೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಕಾರ್ಖಾನೆ ನಿಂತೇಹೋಯಿತು. ಉಕ್ಕಿನ ಕಾರ್ಖಾನೆ ವಿಐಎಸ್ಎಲ್ ಮುಚ್ಚುತ್ತಾರೆ, ಇಲ್ಲ ಉಳಿಸುತ್ತಾರೆ ಎಂಬ ಮಾತು ಇನ್ನೂ ನಡೆದೇ ಇದೆ. ಆದರೆ ಊರಿನ ಅಂಚಿನಲ್ಲಿ ಹೊಸ ಬಡಾವಣೆಗಳು ಏಳುತ್ತಿವೆ, ವಿದ್ಯುತ್ ಸಂಪರ್ಕಗಳೂ ಹೆಚ್ಚುತ್ತಿವೆ. ಊರು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ? ಮುಂದಿನ ಗಣತಿ ಬರುವ ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ (ಜನಸಂಖ್ಯಾ ವಿಶ್ಲೇಷಕರು): ದಾರಿ ಇದೆ, ಆದರೆ ಕ್ರಮ ತಪ್ಪಬಾರದು. ಮೊದಲು ಗಡಿ, ಆಮೇಲೆ ಹುಟ್ಟು-ಸಾವು, ಕೊನೆಗೆ ವಲಸೆ. ಬಡಾವಣೆ, ಮೀಟರು ಇವೆಲ್ಲ ಅದಾದ ಮೇಲೆ.

ಗಡಿಯಿಂದಲೇ ಶುರುಮಾಡಿ. ಜಿಲ್ಲಾ ಜನಗಣತಿ ಕೈಪಿಡಿಯ ಪಟ್ಟಣ ವಿವರಣೆ ಭಾಗದಲ್ಲಿ ಪ್ರತಿ ಪಟ್ಟಣದ ಹಿಂದಿನ ಗಣತಿಗಳ ಜನಸಂಖ್ಯೆ ಒಂದೇ ಸಾಲಿನಲ್ಲಿ ಸಿಗುತ್ತದೆ, ವಿಸ್ತೀರ್ಣವೂ ಅಲ್ಲೇ ಇರುತ್ತದೆ. ಹೆಚ್ಚಿನವರು ವಿಸ್ತೀರ್ಣದ ಕಾಲಂ ನೋಡುವುದೇ ಇಲ್ಲ. ಒಂದು ಗಣತಿಯಿಂದ ಇನ್ನೊಂದಕ್ಕೆ ವಿಸ್ತೀರ್ಣ ಬದಲಾಗಿದ್ದರೆ ಎರಡು ಸಂಖ್ಯೆಗಳನ್ನು ಹಾಗೆಯೇ ಪಕ್ಕಪಕ್ಕ ಇಡುವಂತಿಲ್ಲ. ಜೊತೆಗೆ ನೀವು ಹಿಡಿದಿರುವುದು ನಗರಸಭೆಯ ಸಂಖ್ಯೆಯೋ, ಹೊರಬೆಳವಣಿಗೆ ಪ್ರದೇಶ (ನಗರಸಭೆಯ ಗಡಿಗೆ ಅಂಟಿಕೊಂಡು ಹೊರಗೆ ಬೆಳೆದ ಭಾಗ) ಸೇರಿದ ಸಂಖ್ಯೆಯೋ ಎಂದೂ ನೋಡಿ. ಒಂದು ವರ್ಷಕ್ಕೆ ಒಂದು, ಇನ್ನೊಂದು ವರ್ಷಕ್ಕೆ ಮತ್ತೊಂದು ಹಿಡಿದರೆ ಇಲ್ಲದ ಇಳಿಕೆಯೂ ಕಾಣುತ್ತದೆ, ಇಲ್ಲದ ಏರಿಕೆಯೂ ಕಾಣುತ್ತದೆ.

ಗಡಿ ಎಷ್ಟು ಕೆಡಿಸಬಲ್ಲದು ಎಂಬುದಕ್ಕೆ ಬೆಂಗಳೂರನ್ನು ನೋಡಿ. 2001ರಲ್ಲಿ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 43.01 ಲಕ್ಷ, 2011ರಲ್ಲಿ ಬಿಬಿಎಂಪಿಯಲ್ಲಿ 84.44 ಲಕ್ಷ. ಶೇ 96ರಷ್ಟು ಏರಿಕೆ ಎಂದು ಇಂದಿಗೂ ಬರೆಯುವವರಿದ್ದಾರೆ. ಆದರೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರಿ ವಿಸ್ತೀರ್ಣ ಮೂರು ಪಟ್ಟು ದಾಟಿತು. ಗಡಿ ಅಲುಗದ ಬೆಂಗಳೂರು ನಗರ ಜಿಲ್ಲೆಯ ಲೆಕ್ಕ ಹಿಡಿದರೆ 65.37 ಲಕ್ಷದಿಂದ 96.22 ಲಕ್ಷ, ಅಂದರೆ ಶೇ 47. ಅದೂ ದೊಡ್ಡ ಏರಿಕೆಯೇ, ಆದರೆ ಮೊದಲಿನ ಅರ್ಧ.

ಭದ್ರಾವತಿಯಲ್ಲಿ ಕಂಡದ್ದು ಇಳಿಕೆ. ಪಟ್ಟಣಗಳ ಗಡಿ ಹಿಗ್ಗುವುದು ಸಾಮಾನ್ಯ, ಕುಗ್ಗುವುದು ಅಪರೂಪ. ಹಾಗಾಗಿ ಇಳಿಕೆ ಕಂಡರೆ ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಅದೇ ಹತ್ತು ವರ್ಷದಲ್ಲಿ ಪಕ್ಕದ ಶಿವಮೊಗ್ಗ ನಗರ 2.74 ಲಕ್ಷದಿಂದ 3.23 ಲಕ್ಷಕ್ಕೆ ಏರಿದೆ ಎಂಬುದೂ ನೆನಪಿರಲಿ.

ಮರುಪ್ರಶ್ನೆ: ಒಂಬತ್ತು ಸಾವಿರ ಕಡಿಮೆಯಾಯಿತು ಅಂದರೆ ಒಂಬತ್ತು ಸಾವಿರ ಜನ ಊರು ಬಿಟ್ಟರು ಅಂತಲೇ?

ಉತ್ತರ (ಜನಸಂಖ್ಯಾ ವಿಶ್ಲೇಷಕರು): ಅಲ್ಲ, ಬಿಟ್ಟವರು ಅದಕ್ಕಿಂತ ತುಂಬಾ ಹೆಚ್ಚು. ಆ ಹತ್ತು ವರ್ಷ ಊರಲ್ಲಿ ಮಕ್ಕಳು ಹುಟ್ಟುತ್ತಲೇ ಇದ್ದರು. ಹುಟ್ಟಿನಿಂದ ಸಾವು ಕಳೆದರೆ ವರ್ಷಕ್ಕೆ ಶೇ 1 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಯಾರೂ ಬಾರದೆ, ಯಾರೂ ಹೋಗದೆ ಇದ್ದಿದ್ದರೆ 1.60 ಲಕ್ಷ 2011ರ ಹೊತ್ತಿಗೆ 1.76 ಲಕ್ಷ ದಾಟಬೇಕಿತ್ತು. ಸಿಕ್ಕದ್ದು 1.51 ಲಕ್ಷ. ನಡುವಿನ ಸುಮಾರು 25 ಸಾವಿರವೇ ನಿವ್ವಳ ವಲಸೆ, ಅಂದರೆ ಹೋದವರಲ್ಲಿ ಬಂದವರನ್ನು ಕಳೆದ ಮೇಲೆ ಉಳಿದದ್ದು. ಶೇ 1 ಬದಲು 0.8 ಹಿಡಿದರೆ 22 ಸಾವಿರದ ಹತ್ತಿರ ಬರುತ್ತದೆ. ಹೇಗೆ ಹಿಡಿದರೂ ಒಂಬತ್ತು ಸಾವಿರ ಆಗುವುದಿಲ್ಲ.

ಈ ಲೆಕ್ಕ ಬೆಳೆಯುವ ಊರಿಗೂ ಬೇಕು. 2001ರಿಂದ 2011ಕ್ಕೆ ಇಡೀ ಕರ್ನಾಟಕ ಬೆಳೆದದ್ದು ಶೇ 15.6. ಹುಬ್ಬಳ್ಳಿ-ಧಾರವಾಡ 7.86 ಲಕ್ಷದಿಂದ 9.44 ಲಕ್ಷಕ್ಕೆ, ಶೇ 20. ರಾಜ್ಯದ ಸರಾಸರಿಗಿಂತ ಮೇಲಿರುವ ಆ ನಾಲ್ಕೂವರೆ ಅಂಶದಲ್ಲೇ ವಲಸೆ ಬಂದವರನ್ನು ಹುಡುಕಬೇಕು. ಶೇ 5 ಬೆಳೆದ ಊರಿಗೆ ‘ಬೆಳೆಯುತ್ತಿರುವ ಊರು’ ಎನ್ನುವ ಮೊದಲು ಅಲ್ಲಿಂದ ಎಷ್ಟು ಜನ ಹೊರಟರು ಎಂದು ಕೇಳಲೇಬೇಕು.

ಮರುಪ್ರಶ್ನೆ: ಹಾಗಾದರೆ ನಗರಸಭೆಯ ಜನನ-ಮರಣ ನೋಂದಣಿ ತೆಗೆದುಕೊಂಡು ಈಗಿನ ಲೆಕ್ಕ ಮಾಡಬಹುದಲ್ಲ?

ಉತ್ತರ (ಜನಸಂಖ್ಯಾ ವಿಶ್ಲೇಷಕರು): ಮಾಡಬಹುದು, ಆದರೆ ಇಲ್ಲೇ ಹೆಚ್ಚು ಜನ ಎಡವುವುದು. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲಿ, ತಾಯಿ ವಾಸಿಸುವ ಜಾಗದಲ್ಲಲ್ಲ. ಭದ್ರಾವತಿಯ ಹೆಣ್ಣುಮಗಳು ಮೆಗ್ಗಾನ್ ಆಸ್ಪತ್ರೆಯಲ್ಲಿ ಹೆತ್ತರೆ ಆ ಜನನ ಶಿವಮೊಗ್ಗದ ಪುಸ್ತಕಕ್ಕೆ ಸೇರುತ್ತದೆ. ಸಾವೂ ಹಾಗೆಯೇ: ಕೊನೆಯ ದಿನಗಳಲ್ಲಿ ದೊಡ್ಡಾಸ್ಪತ್ರೆಗೆ ಸೇರಿಸಿದವರ ಮರಣ ಅಲ್ಲಿಯೇ ದಾಖಲಾಗುತ್ತದೆ. ಹೀಗಾಗಿ ದೊಡ್ಡಾಸ್ಪತ್ರೆ ಇರುವ ಊರಲ್ಲಿ ಹುಟ್ಟು ಉಬ್ಬಿ ಕಾಣುತ್ತದೆ, ಸುತ್ತಲಿನ ಊರುಗಳಲ್ಲಿ ಬತ್ತಿ ಕಾಣುತ್ತದೆ.

ಇದರ ಮೇಲೆ ನಮ್ಮ ಕಡೆಯ ತವರುಮನೆ ಹೆರಿಗೆ ಬೇರೆ. ಮೊದಲ ಹೆರಿಗೆಗೆ ತವರಿಗೆ ಬಂದವಳ ಮಗು ತವರೂರಿನಲ್ಲಿ ನೋಂದಣಿಯಾಗಿ, ನಾಲ್ಕೈದು ತಿಂಗಳಲ್ಲಿ ಗಂಡನ ಮನೆಗೆ ಹೋಗಿರುತ್ತದೆ. ನಮೂನೆಯಲ್ಲಿ ತಾಯಿಯ ವಾಸಸ್ಥಳಕ್ಕೆ ಬೇರೆ ಕಾಲಂ ಇದೆ. ಕೇಳಬೇಕಾದದ್ದು ಆ ಕಾಲಂ ಆಧರಿಸಿದ ಪಟ್ಟಿಯನ್ನು. ಅಲ್ಲೂ ತವರಿನ ವಿಳಾಸವನ್ನೇ ಬರೆಸಿಬಿಡುವುದುಂಟು. ಆದ್ದರಿಂದ ಒಂದು ವರ್ಷದ ಅಂಕಿಯನ್ನು ನೆಚ್ಚಬೇಡಿ. ಐದಾರು ವರ್ಷದ ಓಟ ನೋಡಿ, ಶಿವಮೊಗ್ಗ ಮತ್ತು ಭದ್ರಾವತಿ ಎರಡನ್ನೂ ಕೂಡಿಸಿಯೂ ನೋಡಿ.

ಪ್ರಶ್ನೆ (ಇನ್ನೊಬ್ಬರು): ಮನೆಗಳು ಕಣ್ಣೆದುರೇ ಹೆಚ್ಚುತ್ತಿವೆ. ಜನ ಕಡಿಮೆಯಾಗುತ್ತಿದ್ದರೆ ಕಟ್ಟಿಸುವವರು ಯಾರು?

ಉತ್ತರ (ನಗರ ಯೋಜಕರು): ಅದೇ ಜನ, ಸಣ್ಣ ಸಣ್ಣ ಸಂಸಾರಗಳಾಗಿ. ಒಂದು ಊರಿನಲ್ಲಿ 40,000 ಮನೆ, ಮನೆಗೆ ಸರಾಸರಿ 4.8 ಜನ ಎಂದುಕೊಳ್ಳಿ: 1,92,000. ಮನೆಗಳು 46,000ಕ್ಕೆ ಏರಿ, ಸರಾಸರಿ 4.0ಕ್ಕೆ ಇಳಿದರೆ 1,84,000. ಮನೆ ಶೇ 15 ಹೆಚ್ಚಾಯಿತು, ಜನ ಶೇ 4 ಕಡಿಮೆಯಾದರು. ಎರಡೂ ಒಟ್ಟಿಗೆ ನಿಜ.

ಕಾರ್ಖಾನೆ ಊರುಗಳಲ್ಲಿ ಇದು ಇನ್ನೂ ತೀಕ್ಷ್ಣ. ಕ್ವಾರ್ಟರ್ಸ್‌ನಲ್ಲಿ ಇದ್ದವರು ನಿವೃತ್ತಿಯಾದಾಗ ಆ ಮನೆ ಬಿಡಬೇಕು. ಕೆಲವರು ಅದೇ ಊರಿನ ಅಂಚಿನಲ್ಲಿ ಸೈಟು ಕೊಂಡು ಮನೆ ಕಟ್ಟುತ್ತಾರೆ. ಬಡಾವಣೆ ತುಂಬುತ್ತದೆ, ನ್ಯೂಟೌನ್, ಪೇಪರ್ ಟೌನ್ ಎಂಬ ಕಾರ್ಖಾನೆ ಬಡಾವಣೆಗಳ ಸಾಲುಮನೆಗಳು ಖಾಲಿ ಬೀಳುತ್ತವೆ. ಹೊಸ ಮನೆ ರಸ್ತೆಯಲ್ಲೇ ಕಾಣುತ್ತದೆ, ಖಾಲಿ ಮನೆಯನ್ನು ಒಳಗೆ ಹೋಗಿ ಎಣಿಸಬೇಕು. ಜನಗಣತಿಯ ವಾರ್ಡ್ ಪಟ್ಟಿಯಲ್ಲಿ ಕುಟುಂಬಗಳ ಸಂಖ್ಯೆ, ಒಟ್ಟು ಜನ, 0-6 ವಯಸ್ಸಿನ ಮಕ್ಕಳು ಮೂರೂ ಸಿಗುತ್ತವೆ. ಟೌನ್‌ಶಿಪ್ ವಾರ್ಡು ಮತ್ತು ಅಂಚಿನ ವಾರ್ಡನ್ನು ಬೇರೆ ಬೇರೆ ನೋಡಿ. 0-6ರ ಪಾಲು ಊರಿನ ಸರಾಸರಿಗಿಂತ ತೀರಾ ಕಡಿಮೆ ಇರುವ ವಾರ್ಡು ಎಂದರೆ ಹರೆಯದ ದಂಪತಿಗಳು ಅಲ್ಲಿ ಉಳಿದಿಲ್ಲ. ವಾರ್ಡ್ ನಕ್ಷೆ ಬದಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ, ವಾರ್ಡ್ ಸಂಖ್ಯೆ ಅದೇ ಇದ್ದ ಮಾತ್ರಕ್ಕೆ ಜಾಗ ಅದೇ ಎಂದಲ್ಲ.

ವಿದ್ಯುತ್ ಸಂಪರ್ಕದ ಬಗ್ಗೆ: 2023ರ ಗೃಹಜ್ಯೋತಿಯಿಂದ ಆ ಸರಣಿಯಲ್ಲಿ ಒಂದು ಬಿರುಕು ಬಿದ್ದಿದೆ. 200 ಯೂನಿಟ್ ಒಳಗಿನ ಉಚಿತ ವಿದ್ಯುತ್ತು ಪ್ರತಿ ಮೀಟರಿಗೆ ಅನ್ವಯವಾಗುವುದರಿಂದ ಒಂದೇ ಮೀಟರಿನಲ್ಲಿದ್ದ ಎರಡು ಸಂಸಾರಕ್ಕೆ ಬೇರೆ ಮೀಟರು ಹಾಕಿಸಿಕೊಳ್ಳುವುದು ಲಾಭ. ಹಾಗಾಗಿ ಸಂಪರ್ಕಗಳ ಒಟ್ಟು ಸಂಖ್ಯೆ ಬಿಟ್ಟು, ಗೃಹಬಳಕೆ ಮೀಟರುಗಳಲ್ಲಿ ಆರು ತಿಂಗಳು ಬಿಡದೆ ಹತ್ತು ಯೂನಿಟ್‌ಗಿಂತ ಕಡಿಮೆ ಓಡಿದವು ಎಷ್ಟು ಎಂದು ಕೇಳಿ. ಅವು ಬಹುಪಾಲು ಬೀಗ ಹಾಕಿದ ಮನೆಗಳು. ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಊರಿನ ಸ್ಥಿತಿ ಗೊತ್ತಾಗುತ್ತದೆ.

ಪ್ರಶ್ನೆ: ಶಾಲೆಯ ದಾಖಲಾತಿ, ಮತದಾರರ ಪಟ್ಟಿ, ರೇಷನ್ ಕಾರ್ಡು?

ಉತ್ತರ (ಜನಸಂಖ್ಯಾ ವಿಶ್ಲೇಷಕರು): ರೇಷನ್ ಕಾರ್ಡು ಬೇಡ, ಊರು ಬಿಟ್ಟವರ ಹೆಸರೂ ಅದರಲ್ಲಿ ಉಳಿದಿರುತ್ತದೆ. ಮತದಾರರ ಪಟ್ಟಿಯೂ ಹಾಗೇ, ಬೆಂಗಳೂರಿನಲ್ಲಿ ದುಡಿಯುವವರ ಮತ ಇನ್ನೂ ಹುಟ್ಟೂರಿನಲ್ಲಿರುತ್ತದೆ. ಮೇಲಾಗಿ ಕ್ಷೇತ್ರದ ಗಡಿಯೇ ಬೇರೆ, ನಗರಸಭೆಯ ಗಡಿಯೇ ಬೇರೆ.

ಶಾಲೆಯ ಅಂಕಿ ಉಪಯೋಗಕ್ಕೆ ಬರುತ್ತದೆ, ಆದರೆ ಒಂದನೇ ತರಗತಿ ಇಳಿದರೆ ಊರು ಕುಗ್ಗಿತು ಎನ್ನಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ (ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ) 1.7. ಬೆಳೆಯುವ ಊರಲ್ಲೂ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಬದಲಿಗೆ ಒಂದೇ ತಂಡವನ್ನು ಹಿಂಬಾಲಿಸಿ: ಈ ವರ್ಷ ಮೂರನೇ ತರಗತಿಯಲ್ಲಿದ್ದ ಮಕ್ಕಳು ಎರಡು ವರ್ಷದ ನಂತರ ಐದನೆಯಲ್ಲಿ ಎಷ್ಟಿದ್ದಾರೆ? ಸರ್ಕಾರಿ, ಅನುದಾನಿತ, ಖಾಸಗಿ ಮೂರನ್ನೂ ಕೂಡಿಸಿ. ಆ ವಯಸ್ಸಿನಲ್ಲಿ ಶಾಲೆ ಬಿಡುವವರು ಕಡಿಮೆ, ಹಾಗಾಗಿ ಕೊರತೆ ಕಂಡರೆ ಅದು ಬಹುತೇಕ ಸಂಸಾರ ಸಮೇತ ಹೊರಟವರದು. ಶಾಲೆಗಳ ಅಂಕಿಅಂಶ ಇಡುವ ಸರ್ಕಾರಿ ವ್ಯವಸ್ಥೆ ಯುಡೈಸ್ ಪ್ಲಸ್ 2022-23ರಿಂದ ವಿದ್ಯಾರ್ಥಿವಾರು ದಾಖಲೆಗೆ ಬದಲಾಗಿದೆ, ಅದಕ್ಕೆ ಹಿಂದಿನ ವರ್ಷಗಳಿಗೆ ಹೋಲಿಸಲು ಹೋಗಬೇಡಿ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಈ ವರ್ಷದ ಭದ್ರಾವತಿ ಜನಸಂಖ್ಯೆ ಅಂತ ಸಂಖ್ಯೆಯೇ ಸಿಗುತ್ತದಲ್ಲ? ಉಪಗ್ರಹ ಆಧಾರಿತ ನಕ್ಷೆಗಳೂ ಇವೆ.

ಉತ್ತರ (ನಗರ ಯೋಜಕರು): ಆ ಸಂಖ್ಯೆಗಳನ್ನು ಯಾರೂ ಎಣಿಸಿಲ್ಲ. ಹಳೆಯ ಗಣತಿಯ ದರವನ್ನೋ ರಾಜ್ಯದ ದರವನ್ನೋ ಮುಂದಕ್ಕೆ ಎಳೆದದ್ದು ಅಷ್ಟೇ. ಕೇಂದ್ರದ ತಾಂತ್ರಿಕ ಸಮಿತಿಯ 2011-2036ರ ಅಧಿಕೃತ ಅಂದಾಜು ಕೂಡ ರಾಜ್ಯ ಮಟ್ಟದ್ದು, ಊರುವಾರು ಅಲ್ಲ. ಉಪಗ್ರಹದ ಜನಸಂಖ್ಯಾ ನಕ್ಷೆಗಳು ಗಣತಿಯ ಒಟ್ಟು ಸಂಖ್ಯೆಯನ್ನೇ ತೆಗೆದುಕೊಂಡು ಕಟ್ಟಡಗಳ ಮೇಲೆ ಹಂಚುವಂಥವು. ಅದರಿಂದ ಗಣತಿಯನ್ನು ಪರೀಕ್ಷಿಸಲು ಹೊರಟರೆ ಗಣತಿಯನ್ನು ಗಣತಿಯಿಂದಲೇ ಪರೀಕ್ಷಿಸಿದಂತೆ. ಖಾಲಿ ಕ್ವಾರ್ಟರ್ಸ್ ಕೂಡ ಮೇಲಿನಿಂದ ಕಟ್ಟಡವೇ.

ಪ್ರಶ್ನೆ: ಕೊನೆಯದಾಗಿ, ಹೊಸ ಗಣತಿಯ ಸಂಖ್ಯೆ ಬಂದಾಗ ಏನು ನೋಡಬೇಕು?

ಉತ್ತರ (ಜನಸಂಖ್ಯಾ ವಿಶ್ಲೇಷಕರು): 2021ರ ಗಣತಿ ನಡೆಯಲಿಲ್ಲ. ಹೊಸದರ ಉಲ್ಲೇಖ ದಿನಾಂಕ (ಯಾವ ದಿನದ ಜನಸಂಖ್ಯೆ ಎಂದು ಲೆಕ್ಕ ಹಿಡಿಯುವ ದಿನ) 2027ರ ಮಾರ್ಚ್ 1, ಹಿಂದಿನದು 2011ರ ಮಾರ್ಚ್ 1. ನಡುವೆ ಹದಿನಾರು ವರ್ಷ. ಶೇಕಡಾವಾರು ಬದಲಾವಣೆಯನ್ನು ಹಳೆಯ ದಶಕದ ಅಂಕಿಯ ಪಕ್ಕ ಹಾಗೇ ಇಟ್ಟರೆ ಬೆಳೆದ ಊರೆಲ್ಲ ಇನ್ನೂ ವೇಗವಾಗಿ ಬೆಳೆದಂತೆ ಕಾಣುತ್ತದೆ. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ, ಹದಿನಾರನೇ ಮೂಲ (1/16 ಘಾತ) ತೆಗೆದು, 1 ಕಳೆದು, ನೂರರಿಂದ ಗುಣಿಸಿ ವಾರ್ಷಿಕ ದರ ಮಾಡಿಕೊಳ್ಳಿ. ಹುಬ್ಬಳ್ಳಿ-ಧಾರವಾಡದ ಹಿಂದಿನ ದಶಕದ ಶೇ 20 ಈ ಲೆಕ್ಕದಲ್ಲಿ (ಅಲ್ಲಿ ಹತ್ತನೇ ಮೂಲ) ವರ್ಷಕ್ಕೆ ಶೇ 1.84. ಹೋಲಿಸಬೇಕಾದದ್ದು ಈ ವಾರ್ಷಿಕ ದರಗಳನ್ನು.

ಬೆಂಗಳೂರಿನವರಿಗೂ ಒಂದು ಮಾತು: 2025ರ ಸೆಪ್ಟೆಂಬರ್‌ನಿಂದ ಅಲ್ಲಿ ಐದು ಪಾಲಿಕೆಗಳಿವೆ. ಯಾವುದೋ ಒಂದರ ಸಂಖ್ಯೆಯನ್ನು ಹಳೆಯ ಬಿಬಿಎಂಪಿಯ 84.44 ಲಕ್ಷದ ಪಕ್ಕ ಇಡಬೇಡಿ, ಐದನ್ನೂ ಕೂಡಿಸಿ, ಗಡಿ ಹೊಂದುತ್ತದೆಯೇ ನೋಡಿದ ಮೇಲೆಯೇ ಹೋಲಿಸಿ.