ಒಬ್ಬಳೇ ಗೇಮ್ ಮಾಡುತ್ತಿದ್ದೇನೆ, ಕಂಪನಿ ಬೇಕಾ? ಅನುಭವ ಹೇಳಿ

ಬಸವನಗುಡಿ ಹುಡುಗಿ: ಎರಡು ವರ್ಷದಿಂದ ಒಂದು ಪಜಲ್ ಗೇಮ್ ಮಾಡುತ್ತಿದ್ದೇನೆ. ಮುಂದಿನ ತಿಂಗಳು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಿಡುತ್ತೇನೆ. ವರ್ಷಕ್ಕೆ ಎಂಟು ಲಕ್ಷ ಬಂದರೆ ಹೆಚ್ಚು. ಪ್ರೊಪ್ರೈಟರ್ (ನನ್ನ ಹೆಸರಲ್ಲೇ ವ್ಯವಹಾರ) ಸಾಕಾ, ಎಲ್‌ಎಲ್‌ಪಿನಾ (ಸೀಮಿತ ಹೊಣೆಯ ಪಾಲುದಾರಿಕೆ), ಪ್ರೈವೇಟ್ ಲಿಮಿಟೆಡ್ ಕಂಪನಿನಾ?

ಗಿರಿನಗರದವನು: ಎಲ್‌ಎಲ್‌ಪಿ ಹೆಸರು ಎತ್ತಬೇಡಿ. 2017ರಲ್ಲಿ ಭಾವಮೈದುನನ ಜೊತೆ ಮಾಡಿದೆ. ಆ ಗೇಮಿನಿಂದ ಒಟ್ಟು ಬಂದದ್ದು 31,000. ಎಲ್‌ಎಲ್‌ಪಿಯ ವಾರ್ಷಿಕ ವರದಿ ಫಾರ್ಮ್ 11 ಅನ್ನು 2018ರ ಮೇ 30ರೊಳಗೆ ಹಾಕಬೇಕಿತ್ತು, ಹಾಕಿದ್ದು ಡಿಸೆಂಬರ್ 16ಕ್ಕೆ. ಆಗ ದಿನಕ್ಕೆ 100 ರೂಪಾಯಿ ದಂಡ. 200 ದಿನಕ್ಕೆ 20,000. ಲೆಕ್ಕಪತ್ರದ ಫಾರ್ಮ್ 8 ಕೂಡ 47 ದಿನ ತಡ, ಅದಕ್ಕೆ 4,700. ಲಾಭ ಬಂದರೆ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ, ಸೆಸ್ ಬೇರೆ.

ಮಲ್ಲೇಶ್ವರ ಪಿಕ್ಸೆಲ್: ತಾರೀಖು ಮರೆತದ್ದು ನೀವು, ಬೈಗುಳ ಎಲ್‌ಎಲ್‌ಪಿಗಾ? ನಂದು ಪ್ರೈವೇಟ್ ಲಿಮಿಟೆಡ್, ಆರು ವರ್ಷ ಆಯ್ತು. 1961ರ ಆದಾಯ ತೆರಿಗೆ ಕಾಯ್ದೆಯ 115ಬಿಎಎ, ಅಂದರೆ ಕಂಪನಿಗಳಿಗಿರುವ ಕಡಿಮೆ ದರ, ತಗೊಂಡೆ, ಸರ್‌ಚಾರ್ಜ್ ಸೆಸ್ ಸೇರಿ ಶೇ. 25.168. ಆಡಿಟ್, ಎಒಸಿ-4 (ಲೆಕ್ಕಪತ್ರ), ಎಂಜಿಟಿ-7 (ವಾರ್ಷಿಕ ವರದಿ) ಅಂತ ವರ್ಷಕ್ಕೆ 58,000 ಹೋಗುತ್ತದೆ, ಒಂದು ಕಾಪಿ ಮಾರದಿದ್ದರೂ. ಆದರೆ ಪಬ್ಲಿಷರ್ ಮೊದಲು ಕೇಳಿದ್ದೇ ಕಂಪನಿ ಇದೆಯಾ ಅಂತ. ಕಂಪನಿ ನೋಂದಣಿಗೆ ಕೊಡುವ ವಿಳಾಸದ್ದೇ ದೊಡ್ಡ ಕಥೆ. ಬಾಡಿಗೆ ಮನೆ ಓನರ್ ಎನ್‌ಒಸಿ (ಒಪ್ಪಿಗೆ ಪತ್ರ) ಕೊಡಲಿಲ್ಲ, ಬೆಸ್ಕಾಂ ಮೀಟರ್ ಕಮರ್ಷಿಯಲ್ ಆಗುತ್ತೆ ಅಂತ ಭಯ. ಈಗ ನಮ್ಮ ಬೋರ್ಡು ಮಾವನ ಮನೆ ಗೇಟಿನಲ್ಲಿ ನೇತಾಡುತ್ತಿದೆ.

ಒಂಟಿ ಕೋಡರ್: ಸ್ವಾಮಿ, ಎಂಟು ಲಕ್ಷ ದುಡಿಯುವವರಿಗೆ 58,000 ಖರ್ಚು ಹೇಳಿಕೊಡ್ತೀರಾ? ನಾನು ಪ್ರೊಪ್ರೈಟರ್. 1961ರ ಕಾಯ್ದೆಯ 44ಎಡಿಎ, ಬಂದದ್ದರಲ್ಲಿ ಅರ್ಧ ಲಾಭ ಅಂತ ತೋರಿಸಿದರೆ ಮುಗೀತು. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಅಮೆರಿಕದ ತೆರಿಗೆ ಫಾರ್ಮ್ ಡಬ್ಲ್ಯೂ-8ಬಿಇಎನ್ ತುಂಬುವಾಗ ಪ್ಯಾನ್ ನಂಬರ್ ಹಾಕಲಿಲ್ಲ. ಅಮೆರಿಕದ ಮಾರಾಟದ ಮೇಲೆ ಶೇ. 15 ಹಿಡಿಯಬೇಕಾದಲ್ಲಿ 30 ಹಿಡಿದರು. ಏಳು ತಿಂಗಳು ನಾನು ನೋಡಲೇ ಇಲ್ಲ. ಸಾಲದ್ದಕ್ಕೆ, ಅಲ್ಲಿ ಹಿಡಿದ ತೆರಿಗೆಯನ್ನ ಇಲ್ಲಿಯ ತೆರಿಗೆಯಲ್ಲಿ ಕಳೆಯಲು ಹಾಕುವ ಫಾರ್ಮ್ 67 ಮರೆತೆ, ಇಲ್ಲಿ ಆ ಕ್ರೆಡಿಟ್ಟೂ ಸಿಗಲಿಲ್ಲ. 1,12,000 ನೀರಿನಲ್ಲಿ ಹೋಮ.

ಸಿಎ ಮನೆಯವಳು: 44ಎಡಿಎ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಮಾತ್ರ ರೀ. ಬೇರೆಯವರಿಗೆ ಕೋಡ್ ಬರೆದುಕೊಡೋದು ಒಂದು, ಸ್ವಂತ ಗೇಮ್ ಮಾರೋದು ಇನ್ನೊಂದು. ನೋಟಿಸ್ ಬಂದ ಮೇಲೆ ನಮ್ಮನೆಯವರ ಹತ್ತಿರ ಓಡಿ ಬರ್ತೀರ.

ಒಂಟಿ ಕೋಡರ್: ಬಂದರೆ 500 ರೂಪಾಯಿ ಕೆಲಸಕ್ಕೆ 5,000 ಬಿಲ್ ಮಾಡ್ತಾರಲ್ವಾ!

ಸಿಎ ಮನೆಯವಳು: ಮಾರ್ಚ್ 31ರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರಿಗೆ ಇನ್ನೂ ಜಾಸ್ತಿ.

ಮಲ್ಲೇಶ್ವರ ಪಿಕ್ಸೆಲ್: ಮೇಡಂ, ನಮ್ಮ ಸಿಎ ಡಿಐಆರ್-3 ಕೆವೈಸಿ (ಡೈರೆಕ್ಟರ್ ಗುರುತಿನ ಫಾರ್ಮ್) ಹಾಕದೆ ನನಗೆ 5,000 ದಂಡ ಬಿತ್ತು. ಅದಕ್ಕೂ ಬಿಲ್ ಕಳಿಸಿದ.

ಸಿಎ ಮನೆಯವಳು: ಓಟಿಪಿ ಕೇಳಿದಾಗ ನೀವು ಕೊಟ್ಟಿರಲಿಕ್ಕಿಲ್ಲ ಬಿಡಿ.

ಬಸವನಗುಡಿ ಹುಡುಗಿ: ನಾನು ಒಬ್ಬಳೇ ಅಂದಿದ್ದೆ. ಎಲ್‌ಎಲ್‌ಪಿಗೆ ಇಬ್ಬರು ಬೇಕೇ ಬೇಕಲ್ವಾ?

ಗಿರಿನಗರದವನು: ಬೇಕು. ಅದಕ್ಕೇ ಭಾವಮೈದುನನನ್ನ ಸೇರಿಸಿಕೊಂಡದ್ದು. ಈಗ ಹಬ್ಬಕ್ಕೂ ಮನೆಗೆ ಬರೋದಿಲ್ಲ ಅವನು.